ಕಾಕಾ ಮತ್ತು ಫ್ರಿಜ್ಜಿನ ಬಾಗಿಲು

ಬಟ್ಟೆ ಮಷಿನ್ನಿಗೆ ಹಾಕುವ ಮೊದಲು ನನ್ನ ಅಂಗಿಯ ಜೇಬು ತಡವಿ ನೋಡುವುದು ನನ್ನ ಹೆಂಡತಿ ಸುಧಾಳ ಹಳೆಯ ರೂಢಿ. ಮದುವೆಯಾದ ಹೊಸತರಲ್ಲಿ ಪ್ರೇಮಪತ್ರವೇನಾದರೂ ಸಿಕ್ಕೀತೆಂದು ತಡವುತ್ತಿದ್ದಳೋ ಏನೋ. ಆದರೆ ಇಷ್ಟು ವರ್ಷವೂ ಅವಳಿಗೆ ಸಿಕ್ಕಿದ್ದು ಒಂದೇ ವಸ್ತು, ಬೆರಳಗಲದ ಕಾಗದದ ಚೂರು. ಬಸ್ ಟಿಕೆಟ್ಟು, ಔಷಧದಂಗಡಿಯ ಚೀಟಿಯ ಅಂಚು, ಯಾರದೋ ಲಗ್ನಪತ್ರಿಕೆಯಿಂದ ಹರಿದ ಒಂದು ಪಟ್ಟಿ. ನಾನು ಯಾರ ಮನೆಗೆ ಹೋದರೂ ಹೇಗಾದರೂ ಸಂದರ್ಭ ಮಾಡಿಕೊಂಡು ಅವರ ಫ್ರಿಜ್ಜಿನ ಹತ್ತಿರ ಸುಳಿಯುತ್ತೇನೆ. ಬಾಗಿಲು ತೆಗೆದು, ಆ ಚೂರನ್ನು ಅಂಚಿಗೆ ಹಿಡಿದು, ಬಾಗಿಲು ಮುಚ್ಚಿ, ಹೊರಗುಳಿದ ತುದಿಯನ್ನು ಎಳೆಯುತ್ತೇನೆ. ಕಾಗದ ಸಲೀಸಾಗಿ ಬಂದರೆ ಬಾಗಿಲು ಸಡಿಲ, ತಂಪು ಸೋರುತ್ತಿದೆ ಎಂದರ್ಥ. ಬರಲಾರೆ ಎಂದು ಹಟ ಹಿಡಿದರೆ ಬಾಗಿಲು ಬಿಗಿ. ಇನ್ಶೂರೆನ್ಸ್ ಆಫೀಸಿನಲ್ಲಿ ತಲೆ ನರೆಸಿಕೊಂಡ ಮನುಷ್ಯನಿಗೆ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಸುಧಾಳ ತವರಿನವರು ಮದುವೆಯ ಮಾರನೆಯ ದಿನವೇ ಕೇಳಿದ್ದಾರೆ.

ಈಗ ಕೆಲವು ವಾರಗಳಿಂದ ನನ್ನ ಜೇಬಿನಲ್ಲಿ ಅವಳಿಗೆ ಏನೂ ಸಿಗುತ್ತಿಲ್ಲ. ಯಾಕೆ ಎಂದು ಅವಳು ಕೇಳಿಲ್ಲ. ಅವಳಿಗೆ ಗೊತ್ತು. ನಿಮಗೆ ಗೊತ್ತಿಲ್ಲವಲ್ಲ, ಹಾಗಾಗಿ ನಿಮ್ಮೆದುರು ಕೂತಿದ್ದೇನೆ.

ಈ ಚಟ ನನಗೆ ಅಂಟಿದ್ದು ವಸಂತಕಾಕಾನಿಂದ. ಕಾಕಾ ಎಂದರೆ ಅಪ್ಪನ ತಮ್ಮ. ನಾವು ಧಾರವಾಡದ ಕಡೆಯವರು. ಅಪ್ಪ ಕೇಂದ್ರ ಅಬಕಾರಿ ಇಲಾಖೆಯ ನೌಕರಿ ಹಿಡಿದು ಅಹಮದಾಬಾದಿಗೆ ಬಂದರು. ಅಬಕಾರಿ ಎಂದೊಡನೆ ಹೆಂಡದಂಗಡಿ ಎಂದುಕೊಳ್ಳಬೇಡಿ. ಇದು ಕಾರ್ಖಾನೆಗಳಲ್ಲಿ ತಯಾರಾದ ಸರಕು ಗೇಟು ದಾಟುವ ಮೊದಲು ಅದರ ಮೇಲೆ ಸುಂಕ ಹಾಕುವ ಇಲಾಖೆ. ಅಣ್ಣನ ಹಿಂದೆ ತಮ್ಮನೂ ಗುಜರಾತಿಗೆ ಬಂದ, ವಡೋದರಾದ ಹೊರಗೆ ಒಂದು ಫ್ರಿಜ್ ಕಾರ್ಖಾನೆಗೆ ಸೇರಿದ. ಹೀಗಾಗಿ ನಮ್ಮ ಮನೆಯಲ್ಲಿ ಸಾಮಾನು ಮಾಡುವವನೊಬ್ಬ, ಅದರ ಮೇಲೆ ಸುಂಕ ಜಡಿಯುವವನೊಬ್ಬ. ನಾನು ಐಸು ತಿನ್ನುವವನು.

ಕಾಕಾನ ಕೆಲಸ ಬಾಗಿಲು ಪರೀಕ್ಷೆ. ಸಾಲಾಗಿ ಬರುವ ಫ್ರಿಜ್ಜುಗಳ ಮುಂದೆ ನಿಂತು, ಒಂದೊಂದರ ಬಾಗಿಲಿಗೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಕಾಗದದ ಪಟ್ಟಿ ಸಿಕ್ಕಿಸಿ ಎಳೆಯುವುದು. ನಾಲ್ಕೂ ಕಡೆ ಹಿಡಿದರೆ ಮುಂದಕ್ಕೆ, ಒಂದು ಕಡೆ ಜಾರಿದರೂ ಹಿಂದಕ್ಕೆ. ಒಳಗಿನ ಮೋಟರು, ಗ್ಯಾಸು, ಕೊಳವೆ ಅವನ ಲೆಕ್ಕಕ್ಕಿಲ್ಲ; ಅದಕ್ಕೆ ಬೇರೆಯವರಿದ್ದರು. ಆದರೆ ಅವನ ಮಾತು ಕೇಳಿದರೆ ಫ್ರಿಜ್ಜೆಂದರೆ ಬಾಗಿಲು, ಮಿಕ್ಕದ್ದೆಲ್ಲ ಬಾಗಿಲಿನ ಹಿಂದಿರುವ ಡಬ್ಬಿ. ಈ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಹುಬ್ಬಳ್ಳಿಗೆ ಹೆಣ್ಣು ನೋಡಲು ಹೋದಾಗ ಅವರ ಪಡಸಾಲೆಯಲ್ಲೇ ಫ್ರಿಜ್ ಕಂಡದ್ದೇ ತಡ, ಹುಡುಗಿ ಚಹಾ ತಂದು ನಿಂತಿದ್ದರೂ ಎದ್ದು ಹೋಗಿ ಜೇಬಿನಿಂದ ಟಿಕೆಟ್ಟು ತೆಗೆದನಂತೆ. "ನನಗಿಂತ ಅದನ್ನ ಹೆಚ್ಚು ಹೊತ್ತು ನೋಡಿದ್ರು" ಎಂದು ಆ ಹುಡುಗಿ, ಅಂದರೆ ಆಮೇಲೆ ನಮ್ಮ ಕಾಕುವಾದವಳು, ಕೊನೆಯವರೆಗೂ ಆಡಿಕೊಂಡು ನಗುತ್ತಿದ್ದಳು. ಅವಳು ಹೋಗಿ ಬಹಳ ವರ್ಷಗಳಾದವು. ಅವರಿಗೆ ಮಕ್ಕಳಿರಲಿಲ್ಲ.

ನಮ್ಮ ಮನೆಗೆ ಫ್ರಿಜ್ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕಾಕಾನ ಕಾರ್ಖಾನೆಯದೇ, ತಿಳಿಹಸಿರು ಬಣ್ಣದ್ದು. ಬಣ್ಣ ನಾವು ಆರಿಸಿದ್ದಲ್ಲ. ಆಗ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯಬೇಕು, ಪಾಳಿ ಬಂದಾಗ ಯಾವ ಬಣ್ಣವಿದೆಯೋ ಅದೇ ನಮ್ಮ ಇಷ್ಟದ ಬಣ್ಣ. ಹೊರದೇಶದ್ದು ತರಿಸೋಣವೆಂದರೆ ಸುಂಕಕ್ಕೇ ಮನೆ ಮಾರಬೇಕು. ಮದುವೆ ಮುಂಜಿಗಳಲ್ಲಿ ಜನ ಕಾಕಾನನ್ನು ಹುಡುಕಿಕೊಂಡು ಬಂದು, ಕೈ ಹಿಡಿದು, ಪಾಳಿ ಸ್ವಲ್ಪ ಮುಂದೆ ಮಾಡಿಸಿಕೊಡಿ ಎಂದು ಅಂಗಲಾಚುತ್ತಿದ್ದರು. ವರನ ಅಪ್ಪನಿಗೂ ಅಷ್ಟು ಮರ್ಯಾದೆ ಇರುತ್ತಿರಲಿಲ್ಲ. ಫ್ರಿಜ್ಜನ್ನು ಅಡುಗೆಮನೆಯಲ್ಲಿಡುವುದು ಅದಕ್ಕೆ ಅವಮಾನವೆಂದು ಎಲ್ಲರ ಹಾಗೆ ನಾವೂ ಪಡಸಾಲೆಯಲ್ಲಿಟ್ಟೆವು. ಮೇಲೊಂದು ಕ್ರೋಷಾದ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೂವು. ಬಾಗಿಲಿಗೆ ಬೀಗವಿತ್ತು. ಅಮ್ಮ ಅದರ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದಳು. ಬೇಸಿಗೆ ಬಂತೆಂದರೆ ಕ್ವಾರ್ಟರ್ಸಿನ ಸ್ಟೀಲ್ ಬಟ್ಟಲುಗಳೆಲ್ಲ ನಮ್ಮ ಬಾಗಿಲಿಗೆ ಬರುತ್ತಿದ್ದವು. "ಬೆನ್, ಥೋಡೋ ಬರಫ್ ಆಪಜೋ ನೇ" ಎಂದು ಪಕ್ಕದ ಕೋಕಿಲಾಬೆನ್ ರಾಗವಾಗಿ ಕೇಳುವಳು. ಅಮ್ಮ ಗಂಟು ಬಿಚ್ಚಿ ಐಸು ಕೊಡುವಳು. ಆ ಕ್ಷಣದಲ್ಲಿ ಅವಳ ನಡಿಗೆಯೇ ಬೇರೆಯಾಗುತ್ತಿತ್ತು.

ಭಾನುವಾರ ಕಾಕಾ ವಡೋದರಾದಿಂದ ಬಂದನೆಂದರೆ ಊಟದ ಮಧ್ಯೆ ಅಣ್ಣತಮ್ಮಂದಿರಿಗೆ ಜಗಳ ಗ್ಯಾರಂಟಿ.

"ಸರಕಾರ ಇದನ್ನ ಐಷಾರಾಮಿ ಅಂತ ಬರದದ. ಚಿನ್ನದ ಕುರ್ಚಿಯೇನು ಇದು? ಹಾಲು ಇಡೂ ಕಪಾಟು ಅಣ್ಣಾ" ಎಂದು ಕಾಕಾ ಶುರು ಮಾಡುವನು.

"ಇದು ಇಲ್ಲದಿದ್ರ ಮನಶ್ಯಾ ಸಾಯ್ತಾನೇನು?" ಅಪ್ಪ ಅನ್ನ ಕಲಸುತ್ತಲೇ ಕೇಳುವರು.

"ಸಾಯೂದಿಲ್ಲ."

"ಹಂಗಾರ ಐಷಾರಾಮಿನೇ."

ಇದು ಅಪ್ಪನ ವ್ಯಾಖ್ಯೆ. ಇಲ್ಲದೆಯೂ ಬದುಕಬಹುದಾದದ್ದೆಲ್ಲ ಐಷಾರಾಮಿ. ಆ ಲೆಕ್ಕದಲ್ಲಿ ನನ್ನ ಕ್ರಿಕೆಟ್ ಬ್ಯಾಟು, ಅಮ್ಮನ ಎರಡನೆಯ ರೇಷ್ಮೆ ಸೀರೆ, ಪಾಯಸದೊಳಗಿನ ದ್ರಾಕ್ಷಿ, ಎಲ್ಲವೂ ಆಗಾಗ ಸುಂಕಕ್ಕೆ ಗುರಿಯಾಗುತ್ತಿದ್ದವು. ಕಾಕಾ ಸೋತವನ ಹಾಗೆ ನಕ್ಕು, ಹೊರದೇಶದ ಸಾಮಾನಿನ ಮೇಲೆ ಮಾತ್ರ ಇನ್ನಷ್ಟು ಹಾಕಿರಿ, ನಮ್ಮ ದೇಶದ್ದರ ಮೇಲೆ ಕಡಿಮೆ ಮಾಡಿರಿ ಎಂದು ರಾಜಿಗೆ ಬರುವನು. ಅಪ್ಪನಿಗೆ ಎರಡೂ ಹೆಚ್ಚೇ ಇರಬೇಕಿತ್ತು.

ನನಗಿದ್ದ ಕುತೂಹಲವೇ ಬೇರೆ. ಬಾಗಿಲು ಮುಚ್ಚಿದ ಮೇಲೆ ಒಳಗಿನ ದೀಪ ಆರುತ್ತದೆಯೋ ಇಲ್ಲವೋ? ಒಂದು ಮಧ್ಯಾಹ್ನ ಅಮ್ಮ ಮಲಗಿದ್ದಾಗ ಕೀಲಿ ಕದ್ದು, ಬಾಗಿಲನ್ನು ಕೂದಲೆಳೆಯಷ್ಟು ತೆರೆದು, ಒಂದು ಕಣ್ಣನ್ನು ಸಂದಿಗಿಟ್ಟು ಕೂತಿದ್ದೆ. ಕಣ್ಣು ತಣ್ಣಗಾಗಿ ನೀರು ಬಂತೇ ಹೊರತು ದೀಪ ಸಿಕ್ಕಿಬೀಳಲಿಲ್ಲ. ಭಾನುವಾರ ಕಾಕಾನನ್ನು ಕೇಳಿದೆ. ಅವನು ಪಟ್ಟಿ ಎಳೆಯುತ್ತ, "ಒಳಗಿಂದು ತಗೊಂಡು ಏನ್ ಮಾಡ್ತೀಯೋ ತಮ್ಮಾ? ಬಾಗಲಾ ಬಿಗಿ ಇದ್ರ ಒಳಗೆಲ್ಲ ಛಲೋನೇ ಇರ್ತದ" ಎಂದ. ನನಗೆ ಸಮಾಧಾನವಾಯಿತು. ಕಾಕಾ ಹೇಳಿದ ಮೇಲೆ ಮುಗಿಯಿತು.

ಆಮೇಲೆ ಮಾರುಕಟ್ಟೆ ತೆರೆಯಿತು ಎಂದು ಪತ್ರಿಕೆಗಳು ಬರೆದವು. ಹೊರದೇಶದ ಹೆಸರುಗಳು ಅಂಗಡಿಗೆ ಬಂದವು. ಬೇಕಾದ ಬಣ್ಣ, ಬೇಕಾದ ದಿನ, ಮನೆ ಬಾಗಿಲಿಗೆ ತಂದು ಇಳಿಸಿ ಸಲಾಮು ಹೊಡೆದು ಹೋಗುವರು. ಮದುವೆಗಳಲ್ಲಿ ಕಾಕಾನ ಕೈ ಹಿಡಿಯುವವರು ಕಡಿಮೆಯಾದರು. "ಬರೇ ಬಣ್ಣಾ, ಒಳಗ ತಗಡು. ಒಂದು ಬ್ಯಾಸಗಿ ತಡಿಯೂದಿಲ್ಲ" ಎಂದು ಅವನು ಹೇಳುತ್ತಲೇ ಇದ್ದ. ಅವು ಬೇಸಿಗೆ ತಡೆದವು. ವಿಚಿತ್ರವೆಂದರೆ, ನಿವೃತ್ತರಾಗಿದ್ದ ಅಪ್ಪ ಈಗ ತಮ್ಮನ ಪಕ್ಷ ಸೇರಿಕೊಂಡರು. ಬಜೆಟ್ಟಿನಲ್ಲಿ ಸುಂಕ ಇಳಿದಾಗಲೆಲ್ಲ ಅವರ ಮುಖವೂ ಇಳಿಯುತ್ತಿತ್ತು. "ಹಂಗಾರ ನಾ ಅಷ್ಟು ವರ್ಷ ಗೇಟಿನ್ಯಾಗ ಕೂತು ಮಾಡಿದ್ದೇನು?" ಎಂದು ಒಮ್ಮೆ ಕೇಳಿದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ.

ಆ ವರ್ಷಗಳಲ್ಲಿ ನನಗೆ ಸೂರತ್ತಿಗೆ ವರ್ಗವಾಗಿತ್ತು. ಅಲ್ಲಿ ಮಗ್ಗದ ಮಾಲೀಕರೊಬ್ಬರು ಪಾಲಿಸಿಗಾಗಿ ಬರುತ್ತಿದ್ದರು. ಹೊರಗಿನಿಂದ ಬರುವ ಬಟ್ಟೆಗೆ ಸುಂಕ ಹಾಕಬೇಕು, ಹೊರಗಿನಿಂದ ಬರುವ ನೂಲಿಗೆ ಸುಂಕ ತೆಗೆಯಬೇಕು ಎನ್ನುವುದು ಅವರ ವಾದ. ಅವರು ಎದ್ದು ಹೋದ ಮೇಲೆ ಅದೇ ಕುರ್ಚಿಗೆ ನೂಲು ತಯಾರಿಸುವವರು ಬಂದು ಕೂತು, ನೂಲಿಗೆ ಸುಂಕ ಬೇಕೇ ಬೇಕು ಎನ್ನುವರು. ಸೀರೆ ಕೊಳ್ಳುವ ನನ್ನ ಹೆಂಡತಿಗೆ ಎರಡೂ ಬೇಡ. ನಾನು ಎಲ್ಲರಿಗೂ ತಲೆದೂಗಿ ಚಹಾ ತರಿಸಿದೆ. ದೇಶದ ಅರ್ಥನೀತಿಗೆ ನನ್ನ ಕೊಡುಗೆ ಅಷ್ಟೇ.

ಕಾಕಾನ ಕಾರ್ಖಾನೆ ಮೊದಲು ಒಂದು ಪಾಳಿ ನಿಲ್ಲಿಸಿತು, ಮತ್ತೆ ಇನ್ನೊಂದು, ಕೊನೆಗೆ ಗೇಟಿಗೆ ಬೀಗ ಬಿತ್ತು. ಉಳಿದ ಕೆಲವು ಫ್ರಿಜ್ಜುಗಳನ್ನು ಕೆಲಸದವರಿಗೇ ಕೊಟ್ಟರು. ಕಾಕಾ ತನಗೊಂದು ಆರಿಸಿಕೊಂಡ, ತಾನೇ ಬಾಗಿಲು ಪರೀಕ್ಷಿಸಿ ಮುಂದಕ್ಕೆ ಬಿಟ್ಟಿದ್ದನ್ನು. ವಡೋದರಾದ ಅಲ್ಕಾಪುರಿಯ ಹಿಂದಿನ ಗಲ್ಲಿಯ ಅವನ ಎರಡು ಕೋಣೆಯ ಮನೆಯಲ್ಲಿ ಅದು ವರ್ಷಾನುಗಟ್ಟಲೆ ಗುಂಯ್‌ಗುಟ್ಟಿತು. ಆಮೇಲೆ ಅವನು ಯಾವ ಫ್ರಿಜ್ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ನಾನು ಸೂರತ್ತಿನಿಂದ ವಾಪಸಾದ ಮೇಲೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ನಾವು ಫ್ಲ್ಯಾಟ್ ಕೊಂಡು, ಅದರಲ್ಲಿ ಹೊರದೇಶದ ಹೆಸರಿನ ದೊಡ್ಡ ಫ್ರಿಜ್ ಇಟ್ಟೆವು. ಕಾಕಾ ಬಂದಾಗಲೆಲ್ಲ ಅದಕ್ಕೆ ಬೆನ್ನು ಮಾಡಿ ಕೂರುತ್ತಿದ್ದ. ಊರಿನ ಎಲ್ಲ ಫ್ರಿಜ್ಜುಗಳ ಬಾಗಿಲಿಗೂ ಪಟ್ಟಿ ಸಿಕ್ಕಿಸುವವನು ನಮ್ಮದಕ್ಕೆ ಮಾತ್ರ ಕೈ ಹಚ್ಚಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಕಾಕಾನಿಗೆ ಸಕ್ಕರೆ ಕಾಯಿಲೆ ಹಳೆಯದು. ಗುಳಿಗೆ ಸಾಲದೆ ಇನ್ಸುಲಿನ್ ಶುರುವಾಗಿತ್ತು. ಕಾಲು ಮೊದಲೇ ಜೋಮು ಹಿಡಿದಿತ್ತು, ಬೆರಳ ತುದಿಗಳೂ ಮರಗಟ್ಟುತ್ತ ಬಂದಿದ್ದವು. ಊಟಕ್ಕೆ ಭಾಸ್ಕರಣ್ಣನ ಹೋಟೆಲಿನ ಡಬ್ಬಿ. ಭಾಸ್ಕರಣ್ಣ ಉಡುಪಿಯ ಕಡೆಯವರು, ಅಲ್ಕಾಪುರಿಯಲ್ಲಿ ದೋಸೆ ಹುಯ್ದೇ ಜೀವನ ಕಟ್ಟಿಕೊಂಡವರು. ಹೋದ ಚಳಿಗಾಲ ಕಳೆದ ಮೇಲೆ ಕಾಕಾನ ಸಕ್ಕರೆ ಒಂದೇ ಸಮ ಏರತೊಡಗಿತು. ಡಾಕ್ಟರು ಡೋಸು ಹೆಚ್ಚಿಸಿದರು. ಏರಿತು. ಮತ್ತೆ ಹೆಚ್ಚಿಸಿದರು. ಮತ್ತೆ ಏರಿತು. ಎಡಗಾಲಿನಲ್ಲಿ ಚಪ್ಪಲಿ ಕಚ್ಚಿದ ಒಂದು ಚಿಕ್ಕ ಗಾಯ ಮಾಯಲಿಲ್ಲ. ನಾವೆಲ್ಲ ತಪ್ಪಿತಸ್ಥರನ್ನು ಹುಡುಕಿದೆವು. ನಾನು ಭಾಸ್ಕರಣ್ಣನಿಗೆ ಫೋನು ಮಾಡಿ, ನಿಮ್ಮ ಸಾಂಬಾರಿಗೆ ಬೆಲ್ಲ ಜಾಸ್ತಿ ಎಂದು ದಬಾಯಿಸಿದೆ.

"ಬೆಲ್ಲ ಹಾಕದಿದ್ರೆ ಇಲ್ಲಿಯವರು ತಿನ್ನೂದಿಲ್ಲ ಮಾರಾಯ್ರೇ" ಎಂದರು ಅವರು. "ಆಯ್ತು, ಕಾಕನಿಗೆ ಬೇರೆಯೇ ಮಾಡಿಸ್ತೇನೆ." ಮಾಡಿಸಿದರು ಕೂಡ. ಸುಧಾ, ಕಾಕಾ ಗುಟ್ಟಾಗಿ ಜಿಲೇಬಿ ತಿನ್ನುತ್ತಿರಬೇಕು ಎಂದಳು. ಡಾಕ್ಟರು ಒಂದೇ ಸಲ, ಇನ್ಸುಲಿನ್ ಫ್ರಿಜ್ಜಿನಲ್ಲೇ ಇಡುತ್ತೀರಲ್ಲ ಎಂದು ಕೇಳಿದರು. ಹೌದು ಎಂದ ಕಾಕಾ. ಸುಳ್ಳೇನಲ್ಲ.

ಮೇ ತಿಂಗಳಲ್ಲಿ ಭಾಸ್ಕರಣ್ಣನೇ ಫೋನು ಮಾಡಿದರು. "ಡಬ್ಬಿ ಹಾಗೇ ವಾಪಸು ಬರ್ತಾ ಉಂಟು. ನಿನ್ನೆಯೂ ಊಟ ಮಾಡ್ಲಿಲ್ಲ. ನೀವೊಮ್ಮೆ ಬಂದು ನೋಡಿದ್ರೆ ಒಳ್ಳೆದಿತ್ತು."

ಹೋದೆ. ಕಾಕಾ ಹಾಸಿಗೆಯಲ್ಲಿ ಒರಗಿಕೊಂಡಿದ್ದ. ಕಾಲಿಗೆ ಸುತ್ತಿದ್ದ ಬಟ್ಟೆಯಿಂದ ವಾಸನೆ ಬರುತ್ತಿತ್ತು. ನನ್ನನ್ನು ನೋಡಿ ಅವನ ಮುಖ ಅರಳಿತು. ಗೋಡೆ ಹಿಡಿದು ಎದ್ದು, ನೇರ ಫ್ರಿಜ್ಜಿನ ಬಳಿ ಕುಂಟುತ್ತ ಹೋಗಿ, ಜೇಬಿನಿಂದ ಪಟ್ಟಿ ತೆಗೆದು ಬಾಗಿಲಿಗೆ ಸಿಕ್ಕಿಸಿದ.

"ಜಗ್ಗು."

ಜಗ್ಗಿದೆ. ಬರಲಿಲ್ಲ.

"ನೋಡು, ಇನ್ನೂ ಹೆಂಗ ಹಿಡದದ. ಈಗಿನವರು ಮಾಡ್ಲಿ ನೋಡೋಣು."

ಬಿಸಿಲಲ್ಲಿ ಬಂದಿದ್ದೆ, ಬಾಯಾರಿಕೆ. ನೀರಿಗೆಂದು ಬಾಗಿಲು ತೆರೆದೆ. ದೀಪ ಹತ್ತಿತು. ಮೋಟರು ಗುಂಯ್‌ಗುಟ್ಟುತ್ತಿತ್ತು. ಒಳಗೆ ಇನ್ಸುಲಿನ್ನಿನ ಶೀಶೆಗಳ ಹೊರತು ಒಂದೇ ನೀರಿನ ಬಾಟಲಿ. ಕಾಕಾ ಮಣ್ಣಿನ ಮಡಕೆಯ ನೀರು ಕುಡಿಯುವವನು, ಹಾಲು ಅಂದಂದಿನದು ಅಂದಂದಿಗೆ ಮುಗಿಯುತ್ತಿತ್ತು, ಫ್ರಿಜ್ಜಿನಲ್ಲಿಡಲು ಅವನಿಗೆ ಬೇರೇನೂ ಇರಲಿಲ್ಲ. ಬಾಟಲಿ ಹಿಡಿದರೆ ಬೆಚ್ಚಗಿತ್ತು. ಶೀಶೆ ಮುಟ್ಟಿದೆ. ಅದೂ ಬೆಚ್ಚಗಿತ್ತು. ಹೊರಗೆ ಸೆಕೆ ಎಷ್ಟಿತ್ತೋ ಒಳಗೂ ಅಷ್ಟೇ ಇತ್ತು.

"ಕಾಕಾ, ಇದು ಬಿಸಿ ಅದ."

"ನೀ ಈಗ ಬಾಗಲಾ ತಗದಿಯಲ್ಲ, ಅದಕ್ಕ."

"ಮೊದ್ಲಿಂದನ ಬಿಸಿ ಅದ ಕಾಕಾ. ತಂಪು ಇಲ್ಲೇ ಇಲ್ಲ. ಗ್ಯಾಸ್ ಹೋಗೇದ."

ಅವನು ಕೈ ಚಾಚಿ ಶೀಶೆಯನ್ನು ಇಸಿದುಕೊಂಡ. ಅಂಗೈಯಲ್ಲಿ ಹಿಡಿದ, ಬೆರಳುಗಳಲ್ಲಿ ಹೊರಳಿಸಿದ. ಅವನ ಮುಖ ನೋಡಿದಾಗ ಗೊತ್ತಾಯಿತು, ಅವನಿಗೆ ಬಿಸಿಯೂ ತಿಳಿಯುತ್ತಿಲ್ಲ, ತಂಪೂ ತಿಳಿಯುತ್ತಿಲ್ಲ. ಎಷ್ಟೋ ದಿನಗಳಿಂದ ಆ ಬೆರಳುಗಳು ಬೆಳಗಿನ ಹೊತ್ತು ಶೀಶೆ ಹಿಡಿದು, ಔಷಧ ಸೂಜಿಗೆ ಎಳೆದು, ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದವು. ಎರಡು ತಿಂಗಳ ಬೇಸಿಗೆಯಲ್ಲಿ ಕೆಟ್ಟು ನೀರಾದ ಔಷಧವನ್ನು.

"ಬಾಗಲಾ ಬಿಗಿ ಅದಲ್ಲೋ" ಎಂದ ಕಾಕಾ. ವಾದಿಸುವ ದನಿಯಲ್ಲಿ ಅಲ್ಲ, ನನ್ನಿಂದ ಹೌದೆನ್ನಿಸಿಕೊಳ್ಳುವ ಹಾಗೆ.

ಬಿಗಿಯಾಗಿತ್ತು. ನನಗೆ ಅಳು ಬಂತು. ಚಿಕ್ಕಂದಿನಲ್ಲಿ ನಮ್ಮ ಮನೆಯ ತಿಳಿಹಸಿರು ಫ್ರಿಜ್ಜಿನ ಮುಂದೆ ಒಂದು ಕಣ್ಣು ಸಂದಿಗಿಟ್ಟು ಕೂತಿದ್ದ ನನ್ನ ನೆನಪಾಯಿತು. ಅಪ್ಪ ನೆನಪಾದರು. ಇದು ಇಲ್ಲದಿದ್ದರೆ ಮನುಷ್ಯ ಸಾಯುತ್ತಾನೇನು ಎಂದು ಅವರು ಈಗ ಕೇಳಿದ್ದರೆ ಕಾಕಾ ಆ ವಾದವನ್ನು ಗೆಲ್ಲುತ್ತಿದ್ದ. ಗೆದ್ದು ಮಾಡುವುದೇನಿತ್ತು.

ಅಹಮದಾಬಾದಿನ ಆಸ್ಪತ್ರೆಯಲ್ಲಿ ಅವನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಸ್ವಲ್ಪ ಮೊದಲೇ ಬಂದಿದ್ದರೆ ಎಂದು ಡಾಕ್ಟರು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಹಳೆಯ ಫ್ರಿಜ್ಜನ್ನು ಭಾಸ್ಕರಣ್ಣ ಗುಜರಿಯವನಿಗೆ ಕೊಡಿಸಿದರು. ಕೈಗಾಡಿಯ ಮೇಲೆ ಮಲಗಿಸಿದಾಗಲೂ ಅದರ ಬಾಗಿಲು ತೆರೆದುಕೊಳ್ಳಲಿಲ್ಲವಂತೆ. ಅದನ್ನು ನಾನು ಕಾಕಾನಿಗೆ ಹೇಳಿಲ್ಲ.

ಈಗ ಅವನು ನಮ್ಮಲ್ಲೇ ಇದ್ದಾನೆ. ಬಂದ ಮೊದಲ ವಾರ ಗಾಲಿಕುರ್ಚಿಯನ್ನು ಫ್ರಿಜ್ಜಿಗೆ ಬೆನ್ನಾಗಿಯೇ ನಿಲ್ಲಿಸಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ತಾನೇ ತಿರುಗಿಸಿಕೊಂಡು ಅದರ ಮುಂದೆ ಬಂದ. ನನ್ನ ಕಡೆ ಕೈ ಚಾಚಿದ. ಜೇಬಿನಲ್ಲಿದ್ದ ಚೂರನ್ನು ಕೊಟ್ಟೆ. ಎಡಕ್ಕೆ, ಬಲಕ್ಕೆ, ಕೆಳಗೆ ಸಿಕ್ಕಿಸಿ ಎಳೆದ. ಮೇಲಿನದು ಎಟುಕದೆ ನನ್ನಿಂದ ಮಾಡಿಸಿದ. ಮೇಲೆ ಎಳೆದಾಗ ಕಾಗದ ಹರಿದೇ ಹೋಯಿತು. ತುಂಡು ನನ್ನ ಕೈಯಲ್ಲಿ ಉಳಿಯಿತು.

ಕಾಕಾ ಅದನ್ನು ಬಹಳ ಹೊತ್ತು ನೋಡಿದ. "ಎಲ್ಲೆ ಮಾಡ್ಯಾರ ಇದನ್ನ?"

ಬಾಗಿಲ ಒಳಬದಿಯ ಚೀಟಿ ಓದಿದೆ. ಹೆಸರು ಹೊರದೇಶದ್ದು, ಆದರೆ ತಯಾರಿಸಿದ್ದು ನಮ್ಮ ದೇಶದಲ್ಲೇ. "ಇಲ್ಲೇ ಕಾಕಾ. ನಮ್ಮವರ ಮಾಡ್ಯಾರ."

"ನಮ್ಮ ಹುಡುಗೂರು?"

"ಹೂಂ."

"ನಮಗೂ ಹಿಂಥಾದ್ದು ಮಾಡ್ಲಿಕ್ಕೆ ಬರ್ತಿತ್ತಲ್ಲೋ ಹಂಗಾರ" ಎಂದ ಕಾಕಾ. ನಾನು ಜೇಬಿನಲ್ಲಿ ಕಾಗದ ಇಟ್ಟುಕೊಳ್ಳುವುದನ್ನು ಬಿಟ್ಟದ್ದು ಅವತ್ತಿನಿಂದ.

ಈಗ ಅವನು ದಿನಕ್ಕೆ ಹತ್ತಾರು ಸಲ ಫ್ರಿಜ್ಜಿನ ಬಾಗಿಲು ತೆರೆಯುತ್ತಾನೆ. ಜೀವನವಿಡೀ ಬಾಗಿಲು ಮುಚ್ಚಿಸಿದವನು ತೆರೆದು ಹಿಡಿದುಕೊಂಡು ಕೂರುತ್ತಾನೆ. "ಕಾಕಾ, ಬಾಗಲಾ ಹಾಕ್ರಿ, ತಂಪೆಲ್ಲಾ ಹೋಗ್ತದ" ಎಂದು ಸುಧಾ ಮೊದಮೊದಲು ಹೇಳಿದಳು. ಈಗ ಹೇಳುವುದಿಲ್ಲ. ಇನ್ಸುಲಿನ್ ಚುಚ್ಚುವ ಹೊತ್ತಿಗೆ ಅವನು ಶೀಶೆ ತೆಗೆದು ಬೆರಳುಗಳಲ್ಲಿ ಹೊರಳಿಸುತ್ತಾನೆ, ಕೆನ್ನೆಗೆ ಹಿಡಿಯುತ್ತಾನೆ, ಮತ್ತೆ ಬೆರಳಿಗೇ ಬರುತ್ತಾನೆ. ಕೆನ್ನೆಯನ್ನೂ ಅವನು ಈಗ ನಂಬುವುದಿಲ್ಲ. ಕೊನೆಗೆ ನನ್ನನ್ನು ಕರೆಯುತ್ತಾನೆ. ನನ್ನ ಮುಂಗೈ ಹಿಡಿದು, ನನ್ನ ಕೈಯನ್ನು ಫ್ರಿಜ್ಜಿನೊಳಗೆ ತಾನೇ ಇಡುತ್ತಾನೆ.

"ತಂಪು ಅದ ಏನೋ?"

"ಅದ ಕಾಕಾ."

"ಖರೇ ಹೇಳು."

"ಖರೇನ ಅದ."

ಅವನು ನನ್ನ ಮುಖವನ್ನೇ ನೋಡುತ್ತಾನೆ. ಕೈಯನ್ನು ಬಿಡುವುದಿಲ್ಲ. ನನ್ನ ಬೆರಳುಗಳು ಮರಗಟ್ಟುವವರೆಗೂ ನಾನು ಹಾಗೇ ಇಟ್ಟುಕೊಂಡು ನಿಂತಿರುತ್ತೇನೆ.